ಲಾಗರಿದಂಗೆ ಸೋತು ಕಾಡಿನಲ್ಲಿ ಗೆದ್ದ ಸಲೀಂ ಅಲಿ

ಹೋದ ಚಳಿಗಾಲದಲ್ಲಿ ನಾವು ಒಂಬತ್ತು ಜನ ಗೆಳೆಯರು ಆವಣಿ ಬೆಟ್ಟ ಹತ್ತಿದೆವು. ಒಂಬತ್ತು ಜನಕ್ಕೆ ಇದ್ದದ್ದು ಎರಡು ಬಾಟಲಿ ನೀರು. ಒಬ್ಬ ಹಾಡು ಕೇಳಲು ಸ್ಪೀಕರ್ ಹೊತ್ತು ತಂದಿದ್ದ. ಇನ್ನೊಬ್ಬನ ಚಪ್ಪಲಿಯ ಉಂಗುಷ್ಠ ಅರ್ಧ ದಾರಿಯಲ್ಲೇ ಕಿತ್ತುಹೋಯಿತು. ಕಾದ ಬಂಡೆಯ ಮೇಲೆ ಅವನು ಬರಿಗಾಲಲ್ಲಿ ಕುಣಿಯುತ್ತ ಇಳಿದದ್ದನ್ನು ಈಗಲೂ ನೆನೆದು ನಗುತ್ತೇವೆ. ಆದರೆ ಸೋಮವಾರ ಬಯಾಲಜಿ ಸರ್ ಬೆಟ್ಟದಲ್ಲಿ ಏನೇನು ನೋಡಿದಿರಿ ಎಂದು ಕೇಳಿದಾಗ ನಮ್ಮಲ್ಲಿ ಒಬ್ಬನಿಗೂ ಉತ್ತರ ಹೊಳೆಯಲಿಲ್ಲ. ಮೊಬೈಲಿನ ತುಂಬ ನಮ್ಮ ಮುಖಗಳೇ ಇದ್ದವು. ಬೈಯದೆ, ಸಲೀಂ ಅಲಿಯವರ ಜೀವನ ಓದಿಕೊಂಡು ಬನ್ನಿ ಎಂದಷ್ಟೇ ಹೇಳಿ ಸರ್ ಪಾಠ ಶುರುಮಾಡಿದರು. ಓದಿದವನು ನಾನೊಬ್ಬನೇ ಆದ್ದರಿಂದ ಬರೆಯುವ ಕೆಲಸವೂ ನನ್ನ ಮೇಲೇ ಬಿತ್ತು.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ದೊಡ್ಡ ಬೊಹ್ರಾ ಕುಟುಂಬದ ಕೊನೆಯ ಮಗು. ಒಂದು ವರ್ಷದವರಿದ್ದಾಗ ತಂದೆ, ಮೂರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಆ ಅನಾಥ ಮಕ್ಕಳನ್ನು ಸಾಕಿದರು. ಮಾವನಿಗೆ ಬೇಟೆಯ ಹುಚ್ಚು. ಅವರು ಕೊಟ್ಟ ಏರ್‌ಗನ್ ಹಿಡಿದು ಹುಡುಗ ಗುಬ್ಬಿ ಹೊಡೆಯುತ್ತಿದ್ದ. ಒಂದು ದಿನ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದು ಮಾಮೂಲಿ ಗುಬ್ಬಿಯಲ್ಲ, ಇದನ್ನು ನಾವು ತಿನ್ನಬಹುದೋ ಇಲ್ಲವೋ ಎಂಬ ಅನುಮಾನ ಹುಡುಗನಿಗೆ ಬಂತು. ಮಾವನನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಅವರು ಒಂದು ಪತ್ರ ಬರೆದುಕೊಟ್ಟು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲರ್ಡ್ ಸಾಹೇಬರ ಹತ್ತಿರ ಕಳಿಸಿದರು. ಮಿಲರ್ಡ್ ಅದು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿ, ಸೊಸೈಟಿಯ ಡ್ರಾಯರುಗಳಲ್ಲಿದ್ದ ನೂರಾರು ಹಕ್ಕಿಗಳ ತುಂಬಿದ ಚರ್ಮಗಳನ್ನು ತೋರಿಸಿ, ಓದಲು ಪುಸ್ತಕವನ್ನೂ ಕೊಟ್ಟರು. ಹಲಾಲೋ ಅಲ್ಲವೋ ಎಂಬ ಒಂದು ಪ್ರಶ್ನೆ ಹುಡುಗನನ್ನು ಎಲ್ಲಿಗೆ ಕರೆದೊಯ್ದಿತು ನೋಡಿ!

ಓದಿನಲ್ಲಿ ಅವರು ಜಾಣರಲ್ಲ. ಇದನ್ನು ನಾನು ಸ್ವಲ್ಪ ಸಂತೋಷದಿಂದಲೇ ಬರೆಯುತ್ತಿದ್ದೇನೆ. ತಲೆನೋವಿನ ಕಾಟದಿಂದ ಶಾಲೆ ಆಗಾಗ ತಪ್ಪುತ್ತಿತ್ತು. 1913ರಲ್ಲಿ ಮೆಟ್ರಿಕ್ಯುಲೇಷನ್ ಹೇಗೋ ಪಾಸಾಯಿತು. ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದರೆ ಮೊದಲ ವರ್ಷವೇ ಲಾಗರಿದಂ ಮತ್ತು ಆಲ್ಜೀಬ್ರಾ ಅಡ್ಡ ಬಂದವು. ಕಾಲೇಜು ಬಿಟ್ಟು ಬರ್ಮಾದ ತವಾಯ್‌ಗೆ ಹೋದರು. ಅಲ್ಲಿ ಕುಟುಂಬದವರ ವುಲ್‌ಫ್ರಂ ಗಣಿ ಮತ್ತು ಮರದ ವ್ಯಾಪಾರವಿತ್ತು. ವ್ಯಾಪಾರ ಕೈಹಿಡಿಯಲಿಲ್ಲ, ಆದರೆ ತವಾಯ್ ಸುತ್ತಲಿನ ದಟ್ಟ ಕಾಡಿನಲ್ಲಿ ನಡೆಯುವುದು, ಕಾಯುವುದು, ಸದ್ದು ಮಾಡದೆ ಇರುವುದು ಅಭ್ಯಾಸವಾಯಿತು. ಮಧ್ಯೆ ಮುಂಬೈಗೆ ಬಂದಾಗ ಕಾಮರ್ಸ್ ಓದಿದರು, ಜೊತೆಗೆ ಪ್ರಾಣಿಶಾಸ್ತ್ರವನ್ನೂ ಕಲಿತರು. 1918ರಲ್ಲಿ ತೆಹ್ಮೀನಾ ಬೇಗಂ ಅವರೊಂದಿಗೆ ಮದುವೆಯಾಯಿತು. ಡಿಗ್ರಿ ಮಾತ್ರ ಕೊನೆಗೂ ಆಗಲಿಲ್ಲ. ಆ ಒಂದು ಕಾರಣಕ್ಕೆ ಸರ್ಕಾರದ ಪ್ರಾಣಿಶಾಸ್ತ್ರ ಇಲಾಖೆಯ ಕೆಲಸ ತಪ್ಪಿಹೋಯಿತು.

1926ರಲ್ಲಿ ಮುಂಬೈ ಮ್ಯೂಸಿಯಂನಲ್ಲಿ ಗೈಡ್ ಕೆಲಸ ಸಿಕ್ಕಿತು. ಎರಡು ವರ್ಷವಾದ ಮೇಲೆ ರಜೆ ಹಾಕಿ ಬರ್ಲಿನ್‌ಗೆ ಹೋಗಿ, ಎರ್ವಿನ್ ಸ್ಟ್ರೆಸ್‌ಮನ್ ಎಂಬ ಪಕ್ಷಿ ವಿಜ್ಞಾನಿಯ ಹತ್ತಿರ ಕಲಿತರು. ಹಕ್ಕಿಯ ಕಾಲಿಗೆ ಉಂಗುರ ಹಾಕಿ ಅದರ ಪ್ರಯಾಣ ಪತ್ತೆಮಾಡುವ ವಿದ್ಯೆಯನ್ನು ಹೆಲಿಗೋಲೆಂಡ್ ದ್ವೀಪದಲ್ಲಿ ನೋಡಿದರು. 1930ರಲ್ಲಿ ಮರಳಿದರೆ, ಹಣವಿಲ್ಲವೆಂದು ಮ್ಯೂಸಿಯಂನವರು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಗಂಡ ಹೆಂಡತಿ ಮುಂಬೈ ಬಾಡಿಗೆ ಕಟ್ಟಲಾಗದೆ ಸಮುದ್ರದಾಚೆಯ ಕಿಹಿಂ ಹಳ್ಳಿಗೆ ಹೋದರು. ಮನೆಯ ಹತ್ತಿರದ ಮರದಲ್ಲಿ ಗೀಜಗನ ಗೂಡುಗಳಿದ್ದವು. ಕೆಲಸವಿಲ್ಲದ ಆ ಮಳೆಗಾಲ ಪೂರ್ತಿ ಅವರು ಅವನ್ನೇ ನೋಡುತ್ತ ಕುಳಿತರು. ಗಂಡು ಗೀಜಗ ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಗಂಡು ಗೂಡನ್ನು ಮುಗಿಸಿಕೊಡುತ್ತದೆ, ಆಮೇಲೆ ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣಿಗೆ ಕಾಯುತ್ತದೆ. ಇದನ್ನೆಲ್ಲ ಅವರು ಬರೆದು ಪ್ರಕಟಿಸಿದ ಮೇಲೆ ಪಕ್ಷಿ ವಿಜ್ಞಾನಿಗಳಿಗೆ ಅವರ ಹೆಸರು ಗೊತ್ತಾಯಿತು. ನಮ್ಮ ತಾಯಲೂರಿನ ಕಡೆ ಬಾವಿ ದಂಡೆಯ ಈಚಲು ಮರಗಳಲ್ಲಿ ಜೋತಾಡುವುದೂ ಇದೇ ಗೀಜಗನ ಗೂಡು. ನಾವು ಅದನ್ನು ಕಲ್ಲಿನಿಂದ ಹೊಡೆದು ಬೀಳಿಸಿದ್ದೇವೆಯೇ ಹೊರತು ಒಂದು ಗಂಟೆ ಕೂತು ನೋಡಿಲ್ಲ.

ಕೆಲಸ ಇನ್ನೂ ಸಿಕ್ಕಿರಲಿಲ್ಲ. ಆಗ ಅವರಿಗೆ ಒಂದು ಉಪಾಯ ಹೊಳೆಯಿತು. ದೇಶದ ಸಂಸ್ಥಾನಗಳಲ್ಲಿ ಎಷ್ಟು ಬಗೆಯ ಹಕ್ಕಿಗಳಿವೆ ಎಂದು ಯಾರೂ ಸರಿಯಾಗಿ ಎಣಿಸಿಲ್ಲ. ನನಗೆ ಸಂಬಳ ಬೇಡ, ಪ್ರಯಾಣದ ಮತ್ತು ಡೇರೆಯ ಖರ್ಚು ಕೊಡಿ, ಎಣಿಸಿಕೊಡುತ್ತೇನೆ ಎಂದು ಕೇಳಿದರು. ಹೈದರಾಬಾದ್ ಒಪ್ಪಿತು, ಆಮೇಲೆ ತಿರುವಾಂಕೂರು, ಕೊಚ್ಚಿ. ಹೀಗೆ ಡೇರೆಯೇ ಅವರ ಮನೆ, ಡೇರೆಯೇ ಅವರ ಯೂನಿವರ್ಸಿಟಿ ಆಯಿತು. ಸುಖವಾಗಿ ಬೆಳೆದಿದ್ದ ತೆಹ್ಮೀನಾ ಜೊತೆಯಲ್ಲೇ ಹೊರಟು ಎತ್ತಿನ ಗಾಡಿ, ಸೊಳ್ಳೆ, ಧೂಳು ಎಲ್ಲವನ್ನೂ ಹಂಚಿಕೊಂಡರು.

1939ರ ಜುಲೈನಲ್ಲಿ ಒಂದು ಸಣ್ಣ ಆಪರೇಷನ್ ಆದ ಮೇಲೆ ರಕ್ತ ನಂಜಾಗಿ ತೆಹ್ಮೀನಾ ಡೆಹ್ರಾಡೂನಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಅಕ್ಕ ಕಮ್ಮೂ ಅವರ ಮನೆಗೆ ಬಂದು ಸೇರಿದರು. ಮತ್ತೆ ಮದುವೆಯಾಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ, ಆ ದುಃಖದ ನಡುವೆಯೇ, ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಎಣಿಸಲು ನಮ್ಮ ಕಡೆಗೆ ಬಂದರು. ಆಗ ನಮ್ಮ ಕೋಲಾರ ಜಿಲ್ಲೆಯೂ ಮೈಸೂರು ಸಂಸ್ಥಾನದ್ದೇ; ನಂದಿ ಬೆಟ್ಟವೂ ಕೋಲಾರ ಜಿಲ್ಲೆಯಲ್ಲೇ ಇತ್ತು.

ಆ ಸರ್ವೆ ಕೆಲಸ ಹೇಗಿರುತ್ತಿತ್ತು ಎಂದು ತಿಳಿದರೆ, ಬೆಟ್ಟಕ್ಕೆ ಸ್ಪೀಕರ್ ಹೊತ್ತ ನಮಗೆ ನಾಚಿಕೆಯಾಗುತ್ತದೆ. ಹಕ್ಕಿ ಚುರುಕಾಗಿರುವುದು ಬೆಳಗಿನ ಹೊತ್ತು. ಬಿಸಿಲೇರಿದರೆ ನೆರಳು ಸೇರಿ ಸುಮ್ಮನಾಗುತ್ತದೆ. ಆದ್ದರಿಂದ ಬೆಳಕು ಹರಿಯುವ ಮೊದಲೇ ಹೊರಡಬೇಕು. ಹೊರಡಬೇಕಾದರೆ ಬೂಟು, ದುರ್ಬೀನು, ಪುಸ್ತಕ, ಪೆನ್ಸಿಲ್ ಎಲ್ಲವೂ ಕತ್ತಲಲ್ಲಿ ಕೈಯಾಡಿಸಿದರೆ ಸಿಗುವ ಜಾಗದಲ್ಲಿ ರಾತ್ರಿಯೇ ಇಟ್ಟಿರಬೇಕು. ಬೆಳಿಗ್ಗೆ ಸಣ್ಣ ರವೆಯ ತೋಟದಿಂದ ಹೊಡೆದ ಹಕ್ಕಿಯ ಚರ್ಮವನ್ನು ಅದೇ ದಿನ ಸುಲಿಯಬೇಕು, ನಮ್ಮ ಸೆಕೆಗೆ ಸಂಜೆಯೊಳಗೆ ಕೊಳೆತುಬಿಡುತ್ತದೆ. ಸುಲಿದ ಚರ್ಮಕ್ಕೆ ಹುಳ ಬೀಳದಂತೆ ಆರ್ಸೆನಿಕ್ ಸವರಿ, ಹತ್ತಿ ತುಂಬಿ, ಹೊಲಿದು, ಕಾಲಿಗೆ ಚೀಟಿ ಕಟ್ಟಬೇಕು: ಊರು, ತಾರೀಖು, ಗಂಡೋ ಹೆಣ್ಣೋ. ಚೀಟಿಯಿಲ್ಲದ ಚರ್ಮ ಕಸಕ್ಕೆ ಸಮ. ರಾತ್ರಿ ಲಾಟೀನಿನ ಬೆಳಕಿನಲ್ಲಿ ದಿನಚರಿ. ಎಷ್ಟೇ ದಣಿದಿದ್ದರೂ ಆ ದಿನ ಕಂಡದ್ದನ್ನು ಆ ದಿನವೇ ಬರೆಯಬೇಕು ಎಂಬುದು ಅವರು ಕೊನೆಯವರೆಗೂ ಬಿಡದ ನಿಯಮ; ಜೊತೆಗೆ ಬಂದ ಕಿರಿಯರನ್ನೂ ಬಿಡುತ್ತಿರಲಿಲ್ಲ. ಟೈಮಿಗೆ ಸರಿಯಾಗಿ ಬಾರದವರನ್ನು, ಕ್ಯಾಂಪಿನಲ್ಲಿ ಗಲಾಟೆ ಮಾಡುವವರನ್ನು ಅವರು ಸಹಿಸುತ್ತಿರಲಿಲ್ಲ. ಗೊರಕೆ ಹೊಡೆಯುವವರೆಂದರೆ ಅವರಿಗೆ ಆಗುತ್ತಲೇ ಇರಲಿಲ್ಲವಂತೆ. ನಮ್ಮ ಗುಂಪಿನಲ್ಲಿ ಕನಿಷ್ಠ ಮೂವರನ್ನು ಅವರು ಮೊದಲ ರಾತ್ರಿಯೇ ಮನೆಗೆ ಕಳಿಸುತ್ತಿದ್ದರು.

ಹಕ್ಕಿ ಪ್ರೇಮಿ ಹಕ್ಕಿ ಕೊಲ್ಲುವುದೇ ಎಂದು ನನ್ನ ತಂಗಿ ಕೇಳಿದಳು. ಆಗಿನ ಕಾಲದಲ್ಲಿ ಯಾವ ಹಕ್ಕಿ ಎಲ್ಲಿದೆ ಎಂದು ಖಚಿತ ಮಾಡಲು ಬೇರೆ ದಾರಿ ಇರಲಿಲ್ಲ ಎಂಬುದು ಉತ್ತರ. ವಿಜ್ಞಾನಕ್ಕಾಗಿ ಹೊಡೆದದ್ದನ್ನು ಅವರು ಮುಚ್ಚಿಡಲಿಲ್ಲ, ಅದಕ್ಕೆ ಕ್ಷಮೆಯನ್ನೂ ಕೇಳಲಿಲ್ಲ. ನನಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಆ ಸರ್ವೆಯಿಂದ ನಮಗೆ ಸಿಕ್ಕಿದ್ದು ಬರೀ ಪಟ್ಟಿಯಲ್ಲ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದನ್ನು ಅವರು ಕಂಡು, ಅದನ್ನು ಕಾಪಾಡಬೇಕೆಂದು ಒಡೆಯರಿಗೆ ಮನವರಿಕೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಮ್ಮ ಹೈಸ್ಕೂಲು ಟೂರಿನಲ್ಲಿ ದೋಣಿ ಹತ್ತಿ ಮೊಸಳೆ ನೋಡಿದ್ದು ಅಲ್ಲೇ.

ಮರುವರ್ಷ, 1941ರಲ್ಲಿ, ಭಾರತದ ಹಕ್ಕಿಗಳ ಬಗ್ಗೆ ಅವರ ಮೊದಲ ಪುಸ್ತಕ ಬಂತು. ಚಿತ್ರ ನೋಡಿ ಯಾರು ಬೇಕಾದರೂ ಹಕ್ಕಿ ಗುರುತಿಸುವಂಥ ಪುಸ್ತಕ. 1945ರಲ್ಲಿ ಕೈಲಾಸ ಮಾನಸ ಸರೋವರದ ದಾರಿ ನಡೆದರು. 1950ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಪಕ್ಷಿ ವಿಜ್ಞಾನಿಗಳ ಸಮ್ಮೇಳನ. ಐವತ್ತು ದಾಟಿದ್ದ ಅವರು ತಮ್ಮ ಸನ್‌ಬೀಮ್ ಮೋಟಾರ್ ಸೈಕಲ್ಲನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ, ಅಲ್ಲಿ ದೇಶದಿಂದ ದೇಶಕ್ಕೆ ಓಡಿಸುತ್ತ, ಒಂದೆರಡು ಸಲ ಬಿದ್ದು ಎದ್ದು, ಸಮ್ಮೇಳನ ಸೇರಿದರು. ಭಾರತದಿಂದಲೇ ಗಾಡಿ ಓಡಿಸಿಕೊಂಡು ಬಂದರೆಂದು ಅಲ್ಲಿ ಸುದ್ದಿಯಾಯಿತಂತೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಳ್ಳಿಯ ಜನರಿಗೆ ಭಾರಿ ಜ್ವರ ಬಂತು. ಉಣ್ಣೆಗಳು ಹರಡುವ ಹೊಸ ವೈರಸ್ ಅದು. ಇವತ್ತು ಮಂಗನ ಕಾಯಿಲೆ ಎನ್ನುತ್ತೇವೆ. ರಷ್ಯಾ ಕಡೆಯ ಒಂದು ಕಾಯಿಲೆಯನ್ನು ಹೋಲುತ್ತಿದ್ದರಿಂದ, ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಯಿಂದ ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿ ಹಕ್ಕಿಗಳಿಗೆ ಉಂಗುರ ಹಾಕುವ ದೊಡ್ಡ ಯೋಜನೆ ಶುರುಮಾಡಿದರು. ಹೆಲಿಗೋಲೆಂಡಿನಲ್ಲಿ ಕಲಿತ ವಿದ್ಯೆ ಮೂವತ್ತು ವರ್ಷದ ಮೇಲೆ ಹೀಗೆ ಕೆಲಸಕ್ಕೆ ಬಂತು. ಕಾಯಿಲೆ ಹಕ್ಕಿಗಳಿಂದಲೇ ಬಂತೆಂದು ಸಾಬೀತಾಗಲಿಲ್ಲ, ಆದರೆ ಯಾವ ಹಕ್ಕಿ ಎಲ್ಲಿಂದ ನಮ್ಮ ಕೆರೆಗಳಿಗೆ ಬರುತ್ತದೆ ಎಂಬುದು ತಿಳಿಯತೊಡಗಿತು. ಕಾಲಿಗೆ ಉಂಗುರವಿರುವ ಹಕ್ಕಿ ಎಲ್ಲಾದರೂ ಸತ್ತು ಬಿದ್ದಿದ್ದರೆ ಉಂಗುರವನ್ನು ಬಿಸಾಡಬೇಡಿ. ಅದರ ಮೇಲೆ ಸೊಸೈಟಿಯ ಹೆಸರು ಮತ್ತು ನಂಬರು ಕೊರೆದಿರುತ್ತದೆ. ಸಿಕ್ಕ ಜಾಗ, ತಾರೀಖು ಬರೆದು ತಿಳಿಸಬೇಕು.

ಮಲೆನಾಡಿಗೆ ಟ್ರೆಕ್ಕಿಂಗ್ ಹೋಗುವ ಪ್ಲಾನ್ ನಮ್ಮಲ್ಲಿ ಹಲವರಿಗಿದೆ. ಅವರಿಗಾಗಿ ಇಷ್ಟು ಹೇಳಿಬಿಡುತ್ತೇನೆ. ಈ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ಸರಿಯಾಗಿ ನಮ್ಮ ರಜೆಯ ದಿನಗಳಲ್ಲಿ. ಮರಿ ಉಣ್ಣೆ ಎಳ್ಳಿನಷ್ಟಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸಿಕ್ಕಿಸಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಆ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಡೀಪಾ ಎಣ್ಣೆ ಕೊಡುತ್ತಾರೆ, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅಲ್ಲಿನವರಿಗೆ ತಿಳಿಸಿ. ವಾಪಸ್ ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಆಮೇಲೆ ಜ್ವರ ಬಂದರೆ ಯಾವ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಲು ಮರೆಯಬೇಡಿ.

1968ರಿಂದ 1974ರವರೆಗೆ, ಅಮೆರಿಕದ ಡಿಲನ್ ರಿಪ್ಲೆ ಜೊತೆ ಸೇರಿ ಬರೆದ ಹತ್ತು ಸಂಪುಟಗಳ ದೊಡ್ಡ ಕೈಪಿಡಿ ಹೊರಬಂತು. ಪದ್ಮಭೂಷಣ, ಪದ್ಮವಿಭೂಷಣ, ರಾಜ್ಯಸಭೆಯ ಸದಸ್ಯತ್ವ, ಡಿಗ್ರಿಯಿಲ್ಲದವರಿಗೆ ಯೂನಿವರ್ಸಿಟಿಗಳಿಂದ ಗೌರವ ಡಾಕ್ಟರೇಟ್ ಎಲ್ಲವೂ ಬಂದವು. 1976ರ ಪಾಲ್ ಗೆಟ್ಟಿ ಪ್ರಶಸ್ತಿಯ ದೊಡ್ಡ ಮೊತ್ತವನ್ನು ಹಕ್ಕಿಗಳ ಕೆಲಸಕ್ಕೇ ಕೊಟ್ಟರು. 1986ರ ಜನವರಿಯಲ್ಲಿ, ನಮ್ಮ ಗಡಿಯಾಚೆ ಆಂಧ್ರದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ, 1900ರ ನಂತರ ಯಾರೂ ಕಾಣದಿದ್ದ ಜೆರ್ಡನ್ ಕೋರ್ಸರ್ ಎಂಬ ಹಕ್ಕಿ ಮತ್ತೆ ಸಿಕ್ಕಿತು. ಅದನ್ನು ಹುಡುಕಲು ಹೋದವರು ಅವರ ಸೊಸೈಟಿಯವರೇ. ಆ ಹಕ್ಕಿ ಹೊರಬರುವುದು ರಾತ್ರಿ ಎಂದು ಗೊತ್ತಿದ್ದವರು ಅಲ್ಲಿನ ಹಳ್ಳಿಯವರು. ಮುಂದಿನ ವರ್ಷ, 1987ರ ಜೂನ್ 20ರಂದು, ತೊಂಬತ್ತನೆಯ ವಯಸ್ಸಿನಲ್ಲಿ ಸಲೀಂ ಅಲಿ ಮುಂಬೈಯಲ್ಲಿ ತೀರಿಕೊಂಡರು.

ಕಳೆದ ಭಾನುವಾರ ನಾವು ಮತ್ತೆ ಹೊರಟೆವು. ಈ ಸಲ ಬೆಟ್ಟಕ್ಕಲ್ಲ, ಕೆರೆಗೆ. ತಲೆಗೊಂದು ಬಾಟಲಿ ನೀರು, ಹಿಂದೆ ಪಟ್ಟಿಯಿರುವ ಚಪ್ಪಲಿ, ಎಲ್ಲರ ನಡುವೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಆರು ಗಂಟೆಗೆ ಬಂದವರು ಒಂಬತ್ತರಲ್ಲಿ ನಾಲ್ವರು. ಕೋಡಿಯ ಹತ್ತಿರದ ಈಚಲು ಮರದಲ್ಲಿ ಹನ್ನೊಂದು ಗೀಜಗನ ಗೂಡು ಎಣಿಸಿದೆವು, ಅದರಲ್ಲಿ ಐದು ಅರ್ಧಕ್ಕೇ ನಿಂತಿದ್ದವು. ಏಕೆ ಎಂದು ಈಗ ನಮಗೆ ಗೊತ್ತು. ನೋಟ್‌ಬುಕ್ಕು ಲೈಬ್ರರಿಯಲ್ಲಿ ಇಟ್ಟಿದ್ದೇವೆ, ಮುಂದಿನ ಪುಟ ಖಾಲಿಯಿದೆ.