ಗಾಜು ಕೂಡಿಸಿದ ನವಾಬರು

ಮಕ್ಕಳೇ, ನಿಮ್ಮ ಮನೆಯ ಗಾಜಿನ ಲೋಟವೊಂದನ್ನು ಬೆಳಕಿಗೆ ಹಿಡಿದು ನೋಡಿ. ಅದರ ಮೈಮೇಲೆ ಮೇಲಿನಿಂದ ಕೆಳಗೆ ಸಣ್ಣ ಗೆರೆ ಕಾಣುತ್ತಿದೆಯೇ? ಹಾಗಾದರೆ ಅದು ಅಚ್ಚಿನಲ್ಲಿ ಮಾಡಿದ ಲೋಟ. ಅಚ್ಚಿನ ಭಾಗಗಳು ಕೂಡುವಲ್ಲಿ ಆ ಗೆರೆ ಮೂಡುತ್ತದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಕಾಯ್ದ ಗಾಜನ್ನು ಯಂತ್ರದಿಂದ ಅಚ್ಚಿಗೆ ಒತ್ತುವ ವಿಧಾನ ಬಂದಿತು. ಆಮೇಲೆ ಚಿತ್ತಾರದ ಗಾಜು ಅಗ್ಗವಾಯಿತು. ಕೈಯಿಂದ ಮಾಡುವ ಗಾಜಿನ ರೀತಿಯೇ ಬೇರೆ. ಕುಶಲಕರ್ಮಿಗಳು ಅದನ್ನು ಊದಿ ಉಬ್ಬಿಸುತ್ತಾರೆ. ತಿರುಗುವ ಚಕ್ರಕ್ಕೆ ಹಿಡಿದು ಹೂಬಳ್ಳಿ ಕೊರೆಯುತ್ತಾರೆ. ಕೊರೆದ ಅಂಚು ಬೆರಳಿಗೆ ಚೂಪಾಗಿ ತಾಗುತ್ತದೆ, ಅಚ್ಚಿನದು ನುಣುಪಾಗಿರುತ್ತದೆ.

ಇಂಥ ಚೆಲುವಾದ ಗಾಜನ್ನು ದೇಶದೇಶಗಳಿಂದ ತರಿಸಿ ಕೂಡಿಸಿದವರು ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್. ಅವರ ಹೆಸರು ಮೀರ್ ಯೂಸುಫ್ ಅಲಿ ಖಾನ್. ಅವರು 1889ರ ಜೂನ್ 13ರಂದು ಪುಣೆಯಲ್ಲಿ ಹುಟ್ಟಿದರು. ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ತಂದೆ, ತಾತ ಇಬ್ಬರೂ ನಿಜಾಮರ ದಿವಾನರಾಗಿದ್ದವರು. ಆಗ ನಮ್ಮ ಅಲಂಪುರವೂ ನಿಜಾಮರ ರಾಜ್ಯದಲ್ಲಿತ್ತು. 1956ರವರೆಗೆ ಅದು ರಾಯಚೂರು ಜಿಲ್ಲೆಗೆ ಸೇರಿತ್ತು.

1912ರಲ್ಲಿ ಯೂಸುಫ್ ಅಲಿ ಖಾನರೂ ದಿವಾನರಾದರು. ಆಗ ಅವರಿಗೆ 23 ವರ್ಷ. ಎರಡೇ ವರ್ಷಗಳಲ್ಲಿ ಆ ದೊಡ್ಡ ಪದವಿಯನ್ನು ಬಿಟ್ಟರು. ಮುಂದೆ ಸುಮಾರು 35 ವರ್ಷ ಅವರ ಮನಸ್ಸೆಲ್ಲ ಸಂಗ್ರಹದಲ್ಲೇ. ವೆನಿಸ್, ಬೊಹೀಮಿಯಾ, ಇಂಗ್ಲೆಂಡ್, ಫ್ರಾನ್ಸ್‌ಗಳ ಗಾಜು, ಚಿತ್ರಗಳು, ಗಡಿಯಾರಗಳು, ಹಸ್ತಪ್ರತಿಗಳು ಅವರ ಮನೆ ಸೇರಿದವು. ಮಕ್ಕಳ ಆಟಿಕೆಗಳನ್ನೂ ಅವರು ಬಿಡಲಿಲ್ಲ!

1949ರ ಮಾರ್ಚ್ 2ರಂದು ಅವರು ತೀರಿಕೊಂಡರು. ಅವರಿಗೆ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಈಗ ಇಷ್ಟೊಂದು ವಸ್ತುಗಳು ಯಾರಿಗೆ? ಬಂಧುಗಳಲ್ಲಿ ಹಂಚಿಹೋದರೆ ಅವು ಒಂದೊಂದು ದಿಕ್ಕಿಗೆ ಚೆದುರುತ್ತಿದ್ದವು. ಹಾಗಾಗಲಿಲ್ಲ. ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಅವರು ವಾಸವಿದ್ದ ದಿವಾನ್ ದೇವಡಿಯೇ ವಸ್ತುಸಂಗ್ರಹಾಲಯವಾಯಿತು. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ಬಂಧುಗಳೂ ಒಪ್ಪಿ ಸಂಗ್ರಹವನ್ನು ದೇಶಕ್ಕೆ ಬಿಟ್ಟುಕೊಟ್ಟರು. 1968ರಲ್ಲಿ ಅದು ಮೂಸಿ ನದಿಯ ದಂಡೆಯ ಹೊಸ ಕಟ್ಟಡಕ್ಕೆ ಬಂದಿತು.

ಹೈದರಾಬಾದಿಗೆ ಹೋದಾಗ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡಿ. ಸಂಗೀತ ಗಡಿಯಾರದ ಮುಂದೆ ಜನ ಗುಂಪುಗೂಡಿರುತ್ತಾರೆ. ನೀವು ಅದನ್ನು ನೋಡಿ, ಗಾಜಿನ ಕೋಣೆಗೂ ಹೋಗಿ. ಮುಟ್ಟುವಂತಿಲ್ಲ, ಹತ್ತಿರ ನಿಂತು ನೋಡಬಹುದು. ಪಾತ್ರೆಗಳ ಮೈಮೇಲೆ ಆ ಸಣ್ಣ ಗೆರೆ ಸಿಗುತ್ತದೆಯೇ, ಹುಡುಕಿ.