ಮೊದಲ ಕರಡು ಬರೆದ ಮಂಗಳೂರಿನ ಬೆನಗಲ್ ನರಸಿಂಗ ರಾವ್

ಪ್ರತಿ ವರ್ಷ ಜನವರಿ 26ರಂದು ಶಾಲೆಯ ಮೈದಾನದಲ್ಲಿ ಧ್ವಜ ಏರಿದಾಗ ನಾವು ಸಂವಿಧಾನ ಶಿಲ್ಪಿ ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು ನೆನೆಯುತ್ತೇವೆ. ಅದು ನ್ಯಾಯವೇ. ಕರಡು ಸಮಿತಿಯ ಅಧ್ಯಕ್ಷರಾಗಿ, ಒಂದೊಂದು ವಿಧಿಯನ್ನೂ ಸಭೆಯ ಮುಂದೆ ಸಮರ್ಥಿಸಿ ದಡ ಮುಟ್ಟಿಸಿದವರು ಅವರು. ಆ ಸಮಿತಿಯ ಕೈಗೆ ಬಂದ ಮೊದಲ ಕರಡನ್ನು ಸಿದ್ಧಪಡಿಸಿದವರು ನಮ್ಮ ನಾಡಿನ ಬಿ.ಎನ್. ರಾವ್. 1949ರ ನವೆಂಬರ್ 25ರಂದು ಅಂಬೇಡ್ಕರ್ ಅವರೇ ಸಂವಿಧಾನ ಸಭೆಯಲ್ಲಿ, ತಮಗೆ ಸಂದ ಶ್ರೇಯಸ್ಸಿನಲ್ಲಿ ರಾವ್ ಅವರಿಗೂ ಪಾಲಿದೆ ಎಂದು ದೊಡ್ಡ ಮನಸ್ಸಿನಿಂದ ಹೇಳಿದರು.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ತಂದೆ ವೈದ್ಯರು. ಅಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. 1910ರಲ್ಲಿ ಐ.ಸಿ.ಎಸ್. ಸೇರಿ ಬಂಗಾಳ, ಅಸ್ಸಾಂಗಳಲ್ಲಿ ಕೆಲಸ ಮಾಡಿದರು. ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1941ರಲ್ಲಿ ನೇಮಕವಾದ ಹಿಂದೂ ಕಾನೂನು ಸಮಿತಿಗೆ ಅವರೇ ಅಧ್ಯಕ್ಷರು. ಹೆಣ್ಣುಮಕ್ಕಳ ಆಸ್ತಿಹಕ್ಕಿನ ಚರ್ಚೆಗೆ ಆ ಸಮಿತಿ ಗಟ್ಟಿ ತಳಪಾಯ ಹಾಕಿತು.

1946ರ ಜುಲೈನಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಅವರು ಸಭೆಯ ಸದಸ್ಯರಲ್ಲ, ಅವರಿಗೆ ಮತವಿರಲಿಲ್ಲ, ಸಂಬಳವನ್ನೂ ಪಡೆಯಲಿಲ್ಲ. ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಓದಿ, ಸದಸ್ಯರಿಗೆ ಬೇಕಾದ ಟಿಪ್ಪಣಿಗಳನ್ನು ಸಿದ್ಧಮಾಡಿ ಕೊಡುತ್ತಿದ್ದರು. 1947ರ ಅಕ್ಟೋಬರ್ ಹೊತ್ತಿಗೆ 243 ವಿಧಿಗಳ ಕರಡು ಸಿದ್ಧವಾಯಿತು. ಆ ಬಳಿಕ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೊರಟರು. ಸಂವಿಧಾನವನ್ನು ನಡೆಸಿ ಅನುಭವ ಇದ್ದವರನ್ನೇ ಕೇಳಿ ತಿಳಿಯುವುದು ಅವರ ಉದ್ದೇಶವಾಗಿತ್ತು.

ಅಮೆರಿಕದಲ್ಲಿ ಅವರ ಮುಂದಿದ್ದ ಒಂದು ಮುಖ್ಯ ಪ್ರಶ್ನೆಗೆ ಹಿಂದಿನ ಕಥೆಯೊಂದಿದೆ. ಗುಲಾಮಗಿರಿಯ ವಿಷಯವಾಗಿ ಆ ದೇಶ 1861ರಿಂದ 1865ರವರೆಗೆ ತನ್ನೊಳಗೇ ಯುದ್ಧ ಮಾಡಿತು. ಯುದ್ಧ ಮುಗಿದ ಮೇಲೆ, ದೇಶವನ್ನು ಮತ್ತೆ ಕಟ್ಟುವ ಕಾಲದಲ್ಲಿ, ಬಿಡುಗಡೆಯಾದ ಕಪ್ಪು ಜನರ ರಕ್ಷಣೆಗಾಗಿ 1868ರಲ್ಲಿ 14ನೇ ತಿದ್ದುಪಡಿ ಬಂತು. 'ಡ್ಯೂ ಪ್ರೋಸೆಸ್', ಅಂದರೆ ನ್ಯಾಯಯುತವಾದ ಕಾನೂನು ಕ್ರಮ ಇಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎಂದು ಅದು ಹೇಳಿತು.

ಆದರೆ ಬಡವರಿಗಾಗಿ ಬಂದ ಈ ಮಾತು ಮುಂದೆ ಮಾಲೀಕರ ಕೈಗೂ ಸಿಕ್ಕಿತು. ನ್ಯೂಯಾರ್ಕಿನ ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಕಾನೂನನ್ನು 1905ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಇದೇ ಮಾತಿನ ಆಧಾರದಲ್ಲಿ ರದ್ದು ಮಾಡಿತು. ಎಷ್ಟು ಹೊತ್ತು ದುಡಿಯಬೇಕೆಂಬುದು ಆಳು ಮತ್ತು ಮಾಲೀಕನ ನಡುವಿನ ಒಪ್ಪಂದದ ಸ್ವಾತಂತ್ರ್ಯ ಎಂಬುದು ಕೋರ್ಟಿನ ವಾದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲರ ದುಡಿಮೆಗೆ ಮಿತಿ ಹಾಕಿದ ಕಾನೂನನ್ನು ಹೀಗೆ ತೆಗೆದುಹಾಕಿದರೆ ಏನಾದೀತು ಎಂದು ಯೋಚಿಸಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ರಾವ್ ಭೇಟಿಯಾದರು. ಜನರು ಆರಿಸಿದ ಶಾಸನಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ಇಷ್ಟು ಸುಲಭವಾಗಿ ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪದು, ಕೋರ್ಟಿಗೂ ಹೊರೆ ಎಂಬುದು ಅವರ ಅಭಿಪ್ರಾಯ. ಬಡತನ ತುಂಬಿದ್ದ ಹೊಸ ದೇಶಕ್ಕೆ ಸಮಾಜ ಸುಧಾರಣೆಯ ಕಾನೂನುಗಳು ಬಹಳ ಬೇಕಿದ್ದವು. ರಾವ್ ಅವರಿಗೆ ಮಾತು ಸರಿಯೆನಿಸಿತು. ಕರಡು ಸಮಿತಿಯೂ ಒಪ್ಪಿತು. ಕೊನೆಗೆ 21ನೇ ವಿಧಿಯಲ್ಲಿ, ಕಾನೂನು ಗೊತ್ತುಪಡಿಸಿದ ಕ್ರಮದ ಹೊರತು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ಅರ್ಥದ ಮಾತು ಉಳಿಯಿತು.

ಇದಕ್ಕೆ ಇನ್ನೊಂದು ಮಗ್ಗಲೂ ಇತ್ತು. ಕಾನೂನೇ ಅನ್ಯಾಯದ್ದಾದರೆ ಬಂಧನಕ್ಕೆ ಒಳಗಾದವನು ಎಲ್ಲಿಗೆ ಹೋಗಬೇಕು? ಕೆ.ಎಂ. ಮುನ್ಷಿ ಮೊದಲಾದವರು ಸಭೆಯಲ್ಲಿ ಈ ಪ್ರಶ್ನೆ ಎತ್ತಿದರು. ಅಂಬೇಡ್ಕರ್ ಅವರು ಎರಡೂ ಕಡೆಯ ಅಪಾಯವನ್ನು ಬಿಡಿಸಿ ಹೇಳಿ, ಮುಂದೆ 22ನೇ ವಿಧಿಯ ಮೂಲಕ ಬಂಧಿತರಿಗೆ ಸ್ವಲ್ಪ ರಕ್ಷಣೆ ತಂದರು. ಬಂಧಿಸಿದವನಿಗೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬ ನಿಯಮ ಅಲ್ಲಿಯದೇ. ಆದರೂ ಮುಂಜಾಗ್ರತಾ ಬಂಧನಕ್ಕೆ ಇವು ಅನ್ವಯಿಸಲಿಲ್ಲ. 1950ರಲ್ಲಿ ಎ.ಕೆ. ಗೋಪಾಲನ್ ಅವರು ಅಂಥ ಬಂಧನವನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 21ನೇ ವಿಧಿಯನ್ನು ಇದ್ದ ಅಕ್ಷರದಂತೆಯೇ ಓದಿತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಮಾತ್ರ, ಆ ಕ್ರಮ ನ್ಯಾಯವಾದದ್ದೂ ಇರಬೇಕು ಎಂದಿತು. ರಾವ್ ಬೇಡವೆಂದ ಅರ್ಥ ಹೀಗೆ 28 ವರ್ಷಗಳ ಬಳಿಕ ಹಿಂಬಾಗಿಲಿನಿಂದ ಒಳಗೆ ಬಂತು.

ಹಾಗಾದರೆ ರಾವ್ ಎಡವಿದರೇ? ನನಗೆ ಹಾಗೆ ಅನಿಸುವುದಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ನಾವೂ ಒಂದು ತೊಂದರೆಗೆ ದಾರಿ ಮುಚ್ಚಿದರೆ ಇನ್ನೊಂದು ತಲೆ ಎತ್ತುತ್ತದೆ. ಹಾಗೆಂದು ಹಿಂದಿನವರ ಅನುಭವ ನೋಡದೆ ಬರೆಯಲು ಕೂರುವುದು ಜಾಣತನವಲ್ಲ. ಇನ್ನೊಂದು ದೇಶದ 80 ವರ್ಷಗಳ ಅನುಭವವನ್ನು ತೂಗಿ ನೋಡಿ, ಆ ಹೊತ್ತಿನ ಬಡವನಿಗೆ ಯಾವುದು ಹಿತವೆಂದು ಕಂಡಿತೋ ಅದನ್ನು ಅವರು ಹೇಳಿದರು. ತೀರ್ಮಾನ ಮಾತ್ರ ಸಭೆಯದು.

ಮುಂದೆ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಇದ್ದವರು ಅವರೇ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರು ಪೌರನೀತಿ ಪಾಠದಲ್ಲಿ 21ನೇ ವಿಧಿಯನ್ನು ಅಂಕಕ್ಕಾಗಿ ಬಾಯಿಪಾಠ ಮಾಡುವಾಗ ಇದನ್ನೂ ನೆನಪಿಡಲಿ. ಅದರ ಒಂದೊಂದು ಪದದ ಹಿಂದೆಯೂ ಯಾರೋ ಓದಿದ್ದಾರೆ, ಪ್ರಯಾಣ ಮಾಡಿದ್ದಾರೆ, ವಾದ ಮಾಡಿದ್ದಾರೆ. ಆ ಪದಗಳು ಯಾರ ಪರವಾಗಿ ಕೆಲಸ ಮಾಡುತ್ತಿವೆ ಎಂದು ನೋಡುತ್ತಿರುವುದು ಈಗ ನಮ್ಮ ಪಾಲಿನ ಕೆಲಸ.