ಹಾಸ್ಯಚಕ್ರವರ್ತಿ ನರಸಿಂಹರಾಜು

ಅಳಿಸುವ ನಟನಿಗೆ ಭಾಷೆಯ ಆಸರೆ ಅಷ್ಟಾಗಿ ಬೇಕಾಗುವುದಿಲ್ಲ. ಸತ್ತ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿಯನ್ನು ಕಂಡರೆ ಅವಳ ನುಡಿಯನ್ನರಿಯದವನ ಕಣ್ಣೂ ತೇವವಾಗುತ್ತದೆ. ನಗಿಸುವವನ ಪಾಡು ಹಾಗಲ್ಲ. ಪದವೊಂದರ ಎರಡರ್ಥ, ಮಾತಿನ ನಡುವಿನ ಒಂದು ಕೊಂಕು, ಗಾದೆಯೊಂದನ್ನು ಅರ್ಧಕ್ಕೇ ನಿಲ್ಲಿಸಿ ಮುಖ ತಿರುಗಿಸುವ ಬೆಡಗು, ಇವೆಲ್ಲ ಆ ಭಾಷೆಯ ಮನೆಯಲ್ಲಿ ಹುಟ್ಟಿ ಬೆಳೆದವರಿಗೇ ಒಲಿಯುವ ಸಂಪತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಇವೆರಡರ ಜೊತೆಗೆ ದಖನಿಯನ್ನೂ ಬೆರೆಸಿ ಆಡುವ ಉಮರ್ಗಾ, ನಿಲಂಗಾ, ಉದಗೀರ ಪ್ರಾಂತದ ನಮಗೆ ಈ ಸತ್ಯವನ್ನು ಬೇರೆಯವರು ಬಂದು ತಿಳಿಸಬೇಕಾಗಿಲ್ಲ. ವ್ಯಾಪಾರ ಯಾವ ನುಡಿಯಲ್ಲಾದರೂ ಸಾಗೀತು. ಮನಸಾರೆ ನಗುವುದಕ್ಕೆ ತಾಯ್ನುಡಿಯೇ ಬೇಕು. ಆದುದರಿಂದ ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಕವಿಗಳನ್ನೂ ಶರಣರನ್ನೂ ಸ್ಮರಿಸುವ ಪಂಕ್ತಿಯಲ್ಲಿ ವಿದೂಷಕನೊಬ್ಬನಿಗೂ ಒಂದು ಮಣೆ ಹಾಕುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಟಿ. ಆರ್. ನರಸಿಂಹರಾಜು ಅವರು 1923ರಲ್ಲಿ ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಜನಿಸಿದರು. ತೆಂಗಿನ ತೋಟಗಳಿಗೂ ಕೊಬ್ಬರಿಯ ಪೇಟೆಗೂ ಹೆಸರಾದ ಆ ಊರಿನ ಬಾಲಕನಿಗೆ ಶಾಲೆಯ ಹಲಗೆಗಿಂತ ಮೊದಲೇ ರಂಗದ ಹಲಗೆ ದೊರೆಯಿತು. ಎಳೆಯ ವಯಸ್ಸಿನಲ್ಲಿಯೇ ಅವರು ಸಿ. ಬಿ. ಮಲ್ಲಪ್ಪನವರ ನಾಟಕ ಮಂಡಳಿಯನ್ನು ಸೇರಿ ಬಾಲಪಾತ್ರಗಳನ್ನು ವಹಿಸತೊಡಗಿದರು. ಅಂದಿನ ನಾಟಕ ಕಂಪನಿಯೆಂದರೆ ಚಲಿಸುವ ಒಂದು ಗುರುಕುಲ. ಊರಿಂದೂರಿಗೆ ಪರದೆ ಪೆಟ್ಟಿಗೆಗಳೊಡನೆ ಸಾಗುವುದು, ಹಗಲು ತಾಲೀಮು, ಇರುಳು ಆಟ. ಹಾಡು, ಲಯ, ಮಾತಿನ ಏರಿಳಿತ ಎಲ್ಲವನ್ನೂ ಕಿವಿಯಿಂದಲೇ ಕಲಿಯಬೇಕು. ತನ್ನ ಮಾತಷ್ಟೇ ಅಲ್ಲ, ಎದುರಿನ ಪಾತ್ರದ ಮಾತೂ ಬಾಯಿಗೆ ಬಂದಿರಬೇಕು, ಏಕೆಂದರೆ ನಾಳೆ ಯಾವ ವೇಷ ಮೈಮೇಲೆ ಬೀಳುವುದೋ ಹೇಳಲಾಗದು. ಕಂಪನಿಗಳ ಅನ್ನವುಂಡು ಬೆಳೆದ ರಾಜು ಅವರು ಮುಂದೆ ಗುಬ್ಬಿ ವೀರಣ್ಣನವರ ಹೆಸರಾಂತ ಮಂಡಳಿಯಲ್ಲಿ ನೆಲೆಗೊಂಡರು. ವೀರಣ್ಣನವರು ಸ್ವತಃ ಹಾಸ್ಯಪಾತ್ರಗಳಿಂದ ನಾಡನ್ನು ಗೆದ್ದವರು. ಹಾಸ್ಯಗಾರನೇ ಯಜಮಾನನಾಗಿದ್ದ ಮನೆಯಲ್ಲಿ ಹಾಸ್ಯಕ್ಕೆ ಎಂಥ ಮರ್ಯಾದೆಯಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಸ್ಯವು ಎಷ್ಟು ಕಠಿಣವಾದ ಕಸುಬೆಂಬುದನ್ನು ಅರಿಯಬೇಕಾದರೆ ಕಂಪನಿ ನಾಟಕದ ಕಟ್ಟನ್ನು ನೆನೆಯಬೇಕು. ದರ್ಬಾರಿನ ದೃಶ್ಯ ಮುಗಿದು ಕಾಡಿನ ದೃಶ್ಯ ಬರಬೇಕಾದರೆ ಹಿಂದೆ ಸಿಂಹಾಸನ ಸರಿಸಿ ಮರಗಿಡಗಳನ್ನು ನಿಲ್ಲಿಸಬೇಕು. ಅಷ್ಟು ಹೊತ್ತು ಮುಂದಿನ ಪರದೆಯನ್ನಿಳಿಸಿ, ಒಂದೆರಡು ಗಜದ ಅಗಲದಲ್ಲಿ ಹಾಸ್ಯಗಾರನನ್ನು ನಿಲ್ಲಿಸುತ್ತಿದ್ದರು. ಹಿಂದೆ ಕೆಲಸ ಬೇಗ ಮುಗಿದರೆ ಅವನು ಮಾತನ್ನು ಮೊಟಕುಗೊಳಿಸಬೇಕು, ತಡವಾದರೆ ಹಿಗ್ಗಿಸಬೇಕು, ಎರಡರಲ್ಲಿಯೂ ಸಭೆ ಬೇಸರಪಡಬಾರದು. ಈ ಕಾಲಜ್ಞಾನವೇ ರಾಜು ಅವರ ನಿಜವಾದ ಬಂಡವಾಳ. ಮುಂದೆ ಚಲನಚಿತ್ರದಲ್ಲಿ ಅವರು ಮಾತಿಗೆ ಮೊದಲು ತಡೆಯುತ್ತಿದ್ದ ಒಂದು ಕ್ಷಣ, ಮಾತಾದ ಮೇಲೆ ಕಣ್ಣನ್ನರಳಿಸುತ್ತಿದ್ದ ಇನ್ನೊಂದು ಕ್ಷಣ, ಇವೆರಡೂ ಆ ಇಕ್ಕಟ್ಟಿನ ರಂಗದ ವರಪ್ರಸಾದಗಳೆಂದು ನನಗನಿಸುತ್ತದೆ.

ದೈವವು ಅವರಿಗೆ ನಾಯಕನ ಮೈಕಟ್ಟನ್ನು ಕೊಡಲಿಲ್ಲ. ಕೃಶವಾದ ದೇಹ, ಮುಂದಕ್ಕೆ ಚಾಚಿದ ಹಲ್ಲುಗಳು. ಬೇರೊಬ್ಬರು ಮುಚ್ಚಿಕೊಳ್ಳಲು ಹವಣಿಸುತ್ತಿದ್ದ ಈ ಕೊರತೆಯನ್ನೇ ಅವರು ಆಭರಣವನ್ನಾಗಿ ತೊಟ್ಟರು. ಜನರು ಮೊದಲು ಆ ಹಲ್ಲುಗಳನ್ನು ಕಂಡು ನಕ್ಕರು. ಆಮೇಲೆ ಅವುಗಳನ್ನು ಮರೆತು ಅವರ ಅಭಿನಯಕ್ಕಾಗಿ ನಕ್ಕರು. ಈ ಎರಡು ನಗೆಗಳ ನಡುವಿನ ದೂರವನ್ನು ಕ್ರಮಿಸಿದುದೇ ಅವರ ಕಲಾಜೀವನದ ಸಾರ್ಥಕತೆ.

1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದ ‘ಬೇಡರ ಕಣ್ಣಪ್ಪ’ ತೆರೆಕಂಡಿತು. ಗುಬ್ಬಿ ಮಂಡಳಿಯ ಕಲಾವಿದರ ಆಸರೆಯಿಂದ ಮೂಡಿದ ಆ ಚಿತ್ರವೇ ರಾಜಕುಮಾರ್ ಅವರನ್ನು ನಾಯಕನನ್ನಾಗಿ ನಾಡಿಗೆ ಕೊಟ್ಟಿತು. ಅರ್ಚಕನ ಮಗ ಕಾಶಿಯ ಪಾತ್ರದಲ್ಲಿ ನರಸಿಂಹರಾಜು ಅವರನ್ನೂ ಕೊಟ್ಟಿತು. ಆ ವರ್ಷ ನಮ್ಮ ಈ ಪ್ರಾಂತವಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಉದಗೀರ, ನಿಲಂಗಾ ತಾಲ್ಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. ಎರಡು ವರ್ಷ ಕಳೆದು 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮುಂಬಯಿ ರಾಜ್ಯಕ್ಕೆ ಬಂದೆವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಉದಗೀರ, ನಿಲಂಗಾಗಳು ಹೊಸ ಲಾತೂರ ಜಿಲ್ಲೆಗೆ ಸೇರಿದವು. ಹೀಗೆ ಆಡಳಿತದ ಗೆರೆಗಳು ಮತ್ತೆ ಮತ್ತೆ ಸರಿದರೂ ಕಣ್ಣಪ್ಪನ ಕಥೆ ಮಾತ್ರ ಮನೆಯ ಜಗಲಿಯನ್ನು ಬಿಟ್ಟು ಕದಲಲಿಲ್ಲ. ಕಲ್ಯಾಣದ ನೆರೆಯಲ್ಲಿರುವ ನಮಗೆ ಅವನು ಅರವತ್ತುಮೂವರು ಪುರಾತನರಲ್ಲಿ ಒಬ್ಬ, ಹರಿಹರ ಕವಿಯ ರಗಳೆಯಿಂದ ಬಂದ ನಂಟ.

ಹರಿಹರನ ಸೋದರಳಿಯ ರಾಘವಾಂಕನ ಕಾವ್ಯದಿಂದ ಕನ್ನಡಿಗರ ಮನದಲ್ಲಿ ನೆಲೆಸಿದ ಹರಿಶ್ಚಂದ್ರನ ಕಥೆಯೂ ರಾಜು ಅವರಿಗೆ ಒಂದು ಅಮರ ಪಾತ್ರವನ್ನಿತ್ತಿತು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರು ನಕ್ಷತ್ರಿಕ. ಸಾಲಕ್ಕಾಗಿ ಬೆನ್ನು ಬಿಡದೆ ಕಾಡುವವನನ್ನು ನಕ್ಷತ್ರಿಕನೆಂದು ಕರೆಯುವುದು ಕನ್ನಡದ ರೂಢಿ. ರಾಜ್ಯ ಕಳೆದುಕೊಂಡು ಮಡದಿ ಮಗನೊಡನೆ ನಡೆಯುತ್ತಿರುವ ಸತ್ಯವಂತನನ್ನು ಹೆಜ್ಜೆಹೆಜ್ಜೆಗೂ ಪೀಡಿಸುವ ಈ ಪಾತ್ರದಲ್ಲಿ ಹಾಸ್ಯವೂ ಕ್ರೌರ್ಯವೂ ಒಂದೇ ನಾಣ್ಯದ ಎರಡು ಬದಿಗಳು. ಹಾಸ್ಯ ತುಸು ಹೆಚ್ಚಾದರೆ ಹರಿಶ್ಚಂದ್ರನ ದುಃಖ ಹಗುರವಾಗುತ್ತದೆ. ಕ್ರೌರ್ಯ ತುಸು ಹೆಚ್ಚಾದರೆ ಪ್ರೇಕ್ಷಕನ ಉಸಿರು ಕಟ್ಟುತ್ತದೆ. ರಾಜು ಅವರು ಆ ತಕ್ಕಡಿಯನ್ನು ಅಲುಗಾಡಗೊಡಲಿಲ್ಲ. ನಾವು ನಗುತ್ತೇವೆ, ನಕ್ಕುದಕ್ಕಾಗಿ ಒಳಗೊಳಗೇ ನಾಚುತ್ತೇವೆ, ಮತ್ತೆ ನಗುತ್ತೇವೆ. ಕಪ್ಪುಬಿಳುಪಿನ ಆ ಚಿತ್ರಕ್ಕೆ 2008ರಲ್ಲಿ ವರ್ಣ ತುಂಬಿ ಮರಳಿ ತೆರೆಗೆ ತಂದಾಗ, ನಟ ಗತಿಸಿ ಮೂರು ದಶಕಗಳು ಸಮೀಪಿಸಿದ್ದರೂ, ನಕ್ಷತ್ರಿಕನು ಹೊಸ ತಲೆಮಾರಿನ ಮುಂದೆ ಮತ್ತೆ ಬಂದು ನಿಂತನು.

ಖ್ಯಾತಿ ಬಂದೊಡನೆ ಸುಖ ಬರಲಿಲ್ಲ. ಐವತ್ತರ ದಶಕದಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದೇ ಬೆರಳೆಣಿಕೆಯಷ್ಟು. ಅವೂ ಬಹುಮಟ್ಟಿಗೆ ಮದರಾಸಿನಲ್ಲಿ. ಒಂದು ಚಿತ್ರ ಮುಗಿದರೆ ಇನ್ನೊಂದು ಎಂದೋ! ಆಗ ರಾಜಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಒಂದುಗೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ತೆರೆಯ ಮೇಲೆ ಕಂಡ ಮುಖಗಳು ಮತ್ತೆ ಬಣ್ಣ ಹಚ್ಚಿ ಊರೂರಿನಲ್ಲಿ ನಾಟಕವಾಡಿದವು. ಆ ಸಂಘದ ಹೆಸರಿನಲ್ಲಿಯೇ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ಹೊರಬಂದಿತು. ಕೆಲಸವಿಲ್ಲವೆಂದು ಹಲುಬುತ್ತ ಕೂರದೆ ಕೆಲಸವನ್ನೇ ಸೃಷ್ಟಿಸಿಕೊಂಡ ಈ ನಾಲ್ವರ ಸಾಹಸವು, ಆಸರೆ ಕಡಿಮೆಯಿರುವಲ್ಲಿ ಸಂಘ ಕಟ್ಟಿಕೊಂಡಿರುವ ನಮ್ಮಂಥವರಿಗೆ ಪಾಠಪ್ರಾಯವಾದುದು.

ಅರಸೀಕೆರೆಯ ಬಾಲಕೃಷ್ಣರಿಗೆ ಕಿವಿ ಮಂದ. ತಿಪಟೂರಿನ ರಾಜು ಅವರ ದೇಹ ಕೃಶ. ಒಂದೇ ಸೀಮೆಯ ಈ ಇಬ್ಬರು ಹಾಸ್ಯಗಾರರು ಎದುರುಬದುರಾದಾಗ ಮಾತಿಗೆ ಮಾತು ಕೊಡುವ ಚಂದವನ್ನು ನೋಡಬೇಕು. ಒಬ್ಬರನ್ನೊಬ್ಬರು ಮೆಟ್ಟಿ ಮೇಲೇರುವ ಆತುರ ಅಲ್ಲಿ ಕಾಣದು. ನಾಯಕನ ಹೆಸರಿನ ಜೊತೆಗೆ ಈ ಎರಡು ಹೆಸರುಗಳಿದ್ದರೇನೇ ಜನ ಟಿಕೆಟ್ಟು ಕೊಳ್ಳುತ್ತಿದ್ದ ಕಾಲವೊಂದಿತ್ತು. ರಾಜು ಅವರ ದಿನಾಂಕಗಳನ್ನು ಗೊತ್ತುಮಾಡಿಕೊಂಡ ಮೇಲೆಯೇ ನಿರ್ಮಾಪಕರು ನಾಯಕನ ಬಳಿಗೆ ಹೋಗುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಪ್ರಚಲಿತವಾಗಿದೆ. 1967ರ ‘ನಕ್ಕರೆ ಅದೇ ಸ್ವರ್ಗ’ದಲ್ಲಿ ಅವರು ಪ್ರಧಾನ ಪಾತ್ರವನ್ನೇ ವಹಿಸಿದರು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಕನ್ನಡದಲ್ಲಿ ಮೊದಲು ಹಾಡಿದುದೂ ಅದೇ ಚಿತ್ರಕ್ಕಾಗಿ. 1974ರ ‘ಪ್ರೊಫೆಸರ್ ಹುಚ್ಚೂರಾಯ’ವನ್ನು ರಾಜು ಅವರು ತಾವೇ ನಿರ್ಮಿಸಿದರು. ಒಟ್ಟಿನಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರ ಮುಖ ಬೆಳಗಿದೆ.

1979ರ ಜುಲೈ ತಿಂಗಳಲ್ಲಿ, ಅರವತ್ತನ್ನು ಕಾಣುವ ಮೊದಲೇ, ಅವರು ಇಹಲೋಕವನ್ನು ತ್ಯಜಿಸಿದರು. ಅಷ್ಟು ಕಾಲ ನಾಡನ್ನು ನಗಿಸಿದವರು ಒಮ್ಮೆಗೇ ಎಲ್ಲರನ್ನೂ ಅಳಿಸಿ ಹೋದರು.

ನಮ್ಮ ನೆರೆಯ ಮರಾಠಿ ಬಂಧುಗಳಿಗೆ ದಾದಾ ಕೊಂಡಕೆಯವರಿದ್ದರು. ಅವರ ಮಾತಿಗೆ ನಾವೂ ನಕ್ಕಿದ್ದೇವೆ, ಇನ್ನೂ ನಗುತ್ತೇವೆ. ಎರಡು ಭಾಷೆಗಳಲ್ಲಿ ನಗಬಲ್ಲವನು ಭಾಗ್ಯವಂತನೇ ಸರಿ. ಆದರೆ ಒಂದು ಸಂಗತಿ ಮನಸ್ಸನ್ನು ಕೊರೆಯುತ್ತದೆ. ರಾಜು ಅವರ ಚಿತ್ರ ನಡೆಯುವಾಗ ಅಜ್ಜ ಅಜ್ಜಿಯರು ಮೊದಲು ನಗುತ್ತಾರೆ. ಕನ್ನಡವನ್ನು ಕೇಳಿ ಬಲ್ಲ, ಓದಲರಿಯದ ಮಗ ಒಂದು ಗಳಿಗೆ ತಡೆದು ನಗುತ್ತಾನೆ. ಮೊಮ್ಮಗ ಅವರಿಬ್ಬರ ಮುಖ ನೋಡಿ ನಗುತ್ತಾನೆ, ಇಲ್ಲವೆ ಏನಾಯಿತೆಂದು ಕೇಳುತ್ತಾನೆ. ವಿವರಿಸಿ ಹೇಳಿದ ನಗೆಮಾತು ಆರಿದ ರೊಟ್ಟಿಯಂತೆ. ಹೊಟ್ಟೆಗೆ ಹೋದೀತು, ಬಾಯಿಗೆ ರುಚಿಸದು. ನುಡಿಯೊಂದು ಮನೆಯಿಂದ ಜಾರಿಹೋಗುತ್ತಿರುವುದನ್ನು ಜನಗಣತಿಯ ಪುಟಗಳಲ್ಲಿ ಹುಡುಕಬೇಕಾಗಿಲ್ಲ. ಆ ಮೂರು ನಗೆಗಳ ನಡುವಿನ ಅಂತರವೇ ಅದನ್ನು ಹೇಳುತ್ತದೆ.

ಆದುದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ಸಣ್ಣ ಅರಿಕೆ. ವರ್ಷಕ್ಕೊಂದು ಸಂಜೆ, ಭಾಷಣಗಳನ್ನೆಲ್ಲ ಬದಿಗಿಟ್ಟು, ‘ಸತ್ಯ ಹರಿಶ್ಚಂದ್ರ’ವನ್ನೋ ‘ಬೇಡರ ಕಣ್ಣಪ್ಪ’ವನ್ನೋ ಮಕ್ಕಳಿಗೆ ತೋರಿಸೋಣ. ಮುಂದಿನ ಸಾಲಿನಲ್ಲಿ ಮಕ್ಕಳು ಕೂರಲಿ, ಅವರ ಪಕ್ಕದಲ್ಲಿಯೇ ಅಜ್ಜಿಯರು ಕೂರಲಿ. ನಕ್ಷತ್ರಿಕನ ಮಾತಿಗೆ ಯಾರೂ ವಿವರಿಸದೆ, ಯಾರ ಮುಖವನ್ನೂ ನೋಡದೆ, ಒಂದು ಮಗು ತಾನಾಗಿಯೇ ಗಹಗಹಿಸಿ ನಕ್ಕರೆ ನಮ್ಮ ಸಂಘದ ಆ ವರ್ಷದ ಕಾರ್ಯ ಫಲಿಸಿತೆಂದು ತಿಳಿಯೋಣ. ತಿಪಟೂರಿನ ಆ ಕೃಶದೇಹಿ ಕಲಾವಿದನಿಗೆ ಇದಕ್ಕಿಂತ ಮಿಗಿಲಾದ ಶ್ರದ್ಧಾಂಜಲಿಯನ್ನು ಗಡಿನಾಡಿನ ನಾವು ಸಲ್ಲಿಸಲಾರೆವು.